ದೇಶವ್ರತವೂ ದಿಗ್ಬಂಧನವೂ

2020ನೆಯ ಇಸವಿಯ ಆಗಸ್ಟ್ 2ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಸರ್ಕಾರವು ಮೆಲ್ಬರ್ನ್ ಮಹಾನಗರದ ನಿವಾಸಿಗಳ ಸುತ್ತ ಒಂದು ಗೆರೆಯನ್ನು ಎಳೆಯಿತು. ಮನೆಯಿಂದ 5 ಕಿಲೋಮೀಟರಿಗಿಂತ ಆಚೆ ಯಾರೂ ಹೋಗತಕ್ಕದ್ದಲ್ಲ. ವ್ಯಾಯಾಮಕ್ಕೆ ದಿನಕ್ಕೆ ಒಂದು ಗಂಟೆ. ಸಾಮಾನು ತರಲು ಮನೆಗೊಬ್ಬರಂತೆ ದಿನಕ್ಕೊಮ್ಮೆ. ರಾತ್ರಿ 8ರಿಂದ ಬೆಳಗಿನ 5ರವರೆಗೆ ಸಂಚಾರ ನಿಷೇಧ. ಕೊರೋನಾ ಸೋಂಕಿನ ಎರಡನೆಯ ಅಲೆಯನ್ನು ತಡೆಯುವುದಕ್ಕಾಗಿ ಹೊರಟ ಆಜ್ಞೆ ಅದು. ಆ ಗೆರೆಯೊಳಗೆ ಸಿಲುಕಿದ ಲಕ್ಷಾಂತರ ಜನರಲ್ಲಿ ಬೆಳಗಾವಿ ಸೀಮೆಯ ಒಬ್ಬ ಬಟ್ಟೆ ವ್ಯಾಪಾರಿಯೂ ಅವರ ಧರ್ಮಪತ್ನಿಯೂ ಇದ್ದರು. ಅವರಿಗೆ ಎಪ್ಪತ್ತನಾಲ್ಕು, ಆಕೆಗೆ ಅರವತ್ತೊಂಬತ್ತು. ಮಗಳ ಬಾಣಂತನಕ್ಕೆಂದು ಜನವರಿಯಲ್ಲಿ ಹೋದವರು, ಏಪ್ರಿಲ್ ಮೊದಲ ವಾರದಲ್ಲಿ ಮರಳಲು ಟಿಕೇಟು ತೆಗೆಸಿದ್ದರು. ಮಾರ್ಚ್ 20ರಂದು ಆಸ್ಟ್ರೇಲಿಯಾ ತನ್ನ ಗಡಿಯನ್ನು ಹೊರನಾಡಿನವರಿಗೆ ಮುಚ್ಚಿತು. ಅದೇ ವಾರ ಭಾರತವೂ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಟಿಕೇಟು ಕಾಗದವಾಗಿ ಉಳಿಯಿತು. ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳು ಆರಂಭವಾದರೂ, ಎಳೆಯ ಕೂಸನ್ನೂ ಬಾಣಂತಿಯನ್ನೂ ಬಿಟ್ಟು ಹೊರಡಲು ತಾಯಿಯ ಮನಸ್ಸು ಒಪ್ಪಲಿಲ್ಲ. ಹೆಂಡತಿಯನ್ನು ಬಿಟ್ಟು ಹೊರಡಲು ಇವರ ಮನಸ್ಸು ಒಪ್ಪಲಿಲ್ಲ.

ತತ್ತ್ವಾರ್ಥಸೂತ್ರವನ್ನು ದಶಲಕ್ಷಣ ಪರ್ವದಲ್ಲಿ ಪ್ರತಿವರ್ಷ ಓದಿಸಿ ಕೇಳಿದ ಹಿರಿಯರಾದ್ದರಿಂದ, 5 ಕಿಲೋಮೀಟರಿನ ಆಜ್ಞೆಯನ್ನು ಕೇಳಿದೊಡನೆ ಅವರಿಗೆ ನೆನಪಾದುದು ದಿಗ್ವ್ರತ ಮತ್ತು ದೇಶವ್ರತ. ಶ್ರಾವಕನು ಹತ್ತು ದಿಕ್ಕುಗಳಲ್ಲಿ ಇಷ್ಟು ದೂರದಾಚೆಗೆ ಹೋಗೆನೆಂದು ಜೀವಾವಧಿ ಮಿತಿ ಮಾಡಿಕೊಳ್ಳುವುದು ದಿಗ್ವ್ರತ. ಆ ಮಿತಿಯೊಳಗೇ, ನಿಯಮಿತ ಕಾಲಕ್ಕೆ, ಇನ್ನೂ ಕಿರಿದಾದ ಗೆರೆಯನ್ನು ಹಾಕಿಕೊಳ್ಳುವುದು ದೇಶವ್ರತ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಇದನ್ನೇ ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಸೇರಿಸಿದ್ದಾರೆ. ಮನೆ, ಹೊಲ, ಊರು, ನದಿ, ಇಂತಿಷ್ಟು ಯೋಜನ ಎಂದು ಕ್ಷೇತ್ರದ ಗುರುತು. ಪಕ್ಷ, ಮಾಸ, ಚಾತುರ್ಮಾಸ, ವರ್ಷ ಎಂದು ಕಾಲದ ಗುರುತು. ಆ ಗೆರೆಯಾಚೆಗಿನ ಜೀವಿಗಳಿಗೆ ತನ್ನಿಂದ ಯಾವ ಬಾಧೆಯೂ ತಟ್ಟದಾದ್ದರಿಂದ, ಆ ಭಾಗದ ಮಟ್ಟಿಗೆ ಸಾಮಾನ್ಯ ಗೃಹಸ್ಥನೂ ಮಹಾವ್ರತಿಗೆ ಸಮೀಪನಾಗುತ್ತಾನೆಂಬುದು ಆಚಾರ್ಯರ ಭಾವ. ರೋಗವು ಮನುಷ್ಯನ ಉಸಿರಿನಲ್ಲಿ ಸವಾರಿ ಮಾಡುತ್ತಿದ್ದ ಆ ವರ್ಷದಲ್ಲಿ ಈ ಮಾತಿಗೆ ಎಂದೂ ಇಲ್ಲದ ಅರ್ಥ ಬಂದಿತ್ತು. ಮೆಲ್ಬರ್ನಿನ ಆ ದಿಗ್ಬಂಧನವು ಜುಲೈ ಎರಡನೆಯ ವಾರದಲ್ಲಿ ಆರಂಭವಾಗಿ ಅಕ್ಟೋಬರ್ ಕೊನೆಯವರೆಗೆ ನಡೆದುದರಿಂದ, ಮುನಿಗಳ ವರ್ಷಾಯೋಗದ ಅವಧಿಯೊಳಗೇ ಅದು ಅಡಗಿತ್ತೆಂಬುದನ್ನೂ ಹಲವರು ಗಮನಿಸಿದರು. ರಾತ್ರಿಯ ಸಂಚಾರ ನಿಷೇಧವಂತೂ ಆ ದಂಪತಿಗಳಿಗೆ ತಟ್ಟಲೇ ಇಲ್ಲ. ಆಗಸ್ಟ್ ಮೊದಲಲ್ಲಿ ಅಲ್ಲಿ ಚಳಿಗಾಲ. ಸಂಜೆ ಐದೂವರೆಗೆ ಹೊತ್ತು ಮುಳುಗುತ್ತದೆ. ಅಷ್ಟರೊಳಗೆ ಊಟ ಮುಗಿಸಿ ಕುಳಿತವರಿಗೆ ಎಂಟು ಗಂಟೆಯ ಆಜ್ಞೆ ಯಾವ ಲೆಕ್ಕ!

ಆದಕಾರಣ ದಿಗ್ಬಂಧನವೂ ಒಂದು ವ್ರತವೇ, ಸರ್ಕಾರವು ಜಗತ್ತಿಗೆಲ್ಲ ಅಣುವ್ರತ ಮಾಡಿಸಿತು ಎಂಬ ಮಾತು ಆ ತಿಂಗಳುಗಳ ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿತು. ಸಾಂತ್ವನದ ಮಾತಾಗಿ ಅದು ಒಳ್ಳೆಯದೇ. ಆದರೆ ವಿಚಾರಕ್ಕೆ ಅದು ನಿಲ್ಲುವುದಿಲ್ಲ. ವ್ರತಕ್ಕೆ ಸಂಕಲ್ಪವೇ ಪ್ರಾಣ. ಹಸಿದವನ ಮುಂದೆ ಅನ್ನವಿಲ್ಲದಿದ್ದರೆ ಅದು ಉಪವಾಸವಾಗದು. ಮೇಲಾಗಿ ವ್ರತಕ್ಕೆ ಕಾಲದ ಎಲ್ಲೆ ಬೇಕು. ಮೆಲ್ಬರ್ನಿನ ಆಜ್ಞೆ ಮೊದಲು ಆರು ವಾರ ಎಂದಿತು, ಬಳಿಕ ಬೆಳೆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ವ್ರತವನ್ನು ಹಿಡಿಯುವವನಿಗೆ ಹಿಡಿಯದಿರುವ ಸ್ವಾತಂತ್ರ್ಯವೂ ಇರಬೇಕು. ಮಗಳ ಮನೆಯಲ್ಲಿ ಅತಿಥಿಯಾಗಿದ್ದ, ಪರದೇಶದ ವೃದ್ಧನಿಗೆ ಆ ಸ್ವಾತಂತ್ರ್ಯ ಎಷ್ಟಿತ್ತು?

ಕರ್ನಾಟಕದಲ್ಲಿಯೂ ಅದೇ ಮಾರ್ಚ್ 25ರಿಂದ ದಿಗ್ಬಂಧನವಿತ್ತು. ಊರಿನಲ್ಲಿದ್ದ ಹಿರಿಯರೂ ಮನೆಯೊಳಗೇ ಕುಳಿತರು. ಆದರೆ ಅವರ ಮನೆಯ ಬೀಗದ ಕೈ ಅವರ ಉಡಿದಾರದಲ್ಲಿತ್ತು. ಅವರ ಹಣ ಅವರ ಪೆಟ್ಟಿಗೆಯಲ್ಲಿತ್ತು. ಬೇಲಿಯಾಚೆ ನಿಂತು ಮಾತನಾಡುವ ನೆರೆಯವರಿದ್ದರು. ಔಷಧದ ಅಂಗಡಿಯವನಿಗೆ ಅವರ ಹೆಸರು ಗೊತ್ತಿತ್ತು. ಪರದೇಶದಲ್ಲಿ ಇವೊಂದೂ ಇಲ್ಲ. ಕಾರು ನಡೆಸಲು ಬಾರದು, ಬೀದಿಯ ಭಾಷೆ ಅರೆಬರೆ, ರಕ್ತದೊತ್ತಡದ ಮಾತ್ರೆ ಊರಿನಿಂದ ತಂದದ್ದು ಮೂರು ತಿಂಗಳಿಗೆ ಸಾಲುವಷ್ಟು ಮಾತ್ರ. ಪ್ರವಾಸಿ ವೀಸಾದ ಮೇಲೆ ಬಂದವರಿಗೆ ಅಲ್ಲಿಯ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಮೆಡಿಕೇರ್‌ನ ಆಸರೆ ಇಲ್ಲ. ಆಸ್ಪತ್ರೆ ಸೇರಿದರೆ ವಿಮೆ ಎಷ್ಟು ಕೊಟ್ಟೀತು, ಉಳಿದುದನ್ನು ಯಾರು ತೆತ್ತಾರು ಎಂಬ ಚಿಂತೆ ಮಗಳನ್ನು ರಾತ್ರಿಯೆಲ್ಲ ಕಾಡುತ್ತಿತ್ತು. ಎಪ್ಪತ್ತು ದಾಟಿದವರು ಸಾಧ್ಯವಾದಷ್ಟೂ ಮನೆಯಲ್ಲೇ ಇರಬೇಕೆಂದು ಅಲ್ಲಿಯ ಕೇಂದ್ರ ಸರ್ಕಾರ ಮಾರ್ಚ್ ಕೊನೆಗೇ ಸಲಹೆ ನೀಡಿತ್ತು. ಸರ್ಕಾರ ಕೊಟ್ಟ ಒಂದು ಗಂಟೆಯ ನಡಿಗೆಯನ್ನೂ ಮಗಳು ತಡೆದಳು. ಹೀಗೆ ಸರ್ಕಾರದ ಗೆರೆ 5 ಕಿಲೋಮೀಟರಿಗಿದ್ದರೆ, ಮನೆಯ ಗೆರೆ ಹೊಸ್ತಿಲಿಗೇ ಬಂದು ನಿಂತಿತು. ಪ್ರೀತಿಯಿಂದಲೇ ಎಳೆದ ಗೆರೆ, ಸಂಶಯವಿಲ್ಲ. ಆದರೆ ಅದನ್ನು ಎಳೆಯುವಾಗ ತಂದೆಯನ್ನು ಯಾರೂ ಕೇಳಿರಲಿಲ್ಲ.

ಈ ಕ್ರಮಗಳನ್ನು ಹಗುರಾಗಿ ಹಳಿಯುವುದು ಅನ್ಯಾಯವಾದೀತು. ಆಗಸ್ಟ್ 5ರಂದು ವಿಕ್ಟೋರಿಯಾದಲ್ಲಿ ಒಂದೇ ದಿನ 725 ಹೊಸ ಪ್ರಕರಣಗಳು ವರದಿಯಾಗಿದ್ದುವು. ಅಕ್ಟೋಬರ್ 26ರಂದು ಒಂದೂ ಇರಲಿಲ್ಲ. ಆ ವರ್ಷ ಆಸ್ಟ್ರೇಲಿಯಾದಲ್ಲಿ ಸೋಂಕಿನಿಂದ ಮಡಿದವರಲ್ಲಿ ಸುಮಾರು ಮುಕ್ಕಾಲು ಪಾಲು ವೃದ್ಧಾಶ್ರಮಗಳಲ್ಲಿದ್ದವರು. ಇಂಥಲ್ಲಿ ಮುದುಕರನ್ನು ಉಳಿಸಲು ಎಳೆಯರು ತಮ್ಮ ಶಾಲೆ, ದುಡಿಮೆ, ಮದುವೆಗಳನ್ನು ಮುಂದೂಡಿದರೆಂಬುದು ಅಹಿಂಸೆಯ ದೃಷ್ಟಿಯಿಂದ ಸಣ್ಣ ಸಂಗತಿಯಲ್ಲ. ಯಾವ ಧರ್ಮದ ಹೆಸರನ್ನೂ ಹೇಳದೆ ಒಂದು ಮಹಾನಗರವು ನೂರಕ್ಕೂ ಹೆಚ್ಚು ದಿನ ಮಾಡಿದ ಜೀವದಯೆ ಅದು.

ಆದರೂ ಒಂದು ಲೆಕ್ಕ ಉಳಿಯುತ್ತದೆ. ದೇಶವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ. ತಾನು ಗೆರೆ ದಾಟದೆ ಆಚೆಯ ವಸ್ತುವನ್ನು ತರಿಸಿಕೊಳ್ಳುವುದು, ತನ್ನ ಬದಲಿಗೆ ಆಳನ್ನು ಆಚೆಗೆ ಕಳುಹಿಸುವುದು, ದನಿಯೆತ್ತಿ ಆಚೆಯವರನ್ನು ಎಚ್ಚರಿಸುವುದು, ತನ್ನ ಮುಖ ತೋರಿಸಿ ಸನ್ನೆ ಮಾಡುವುದು, ಹೆಂಟೆಯನ್ನೋ ಕಲ್ಲನ್ನೋ ಎಸೆದು ಗಮನ ಸೆಳೆಯುವುದು. ಹಳೆಯ ಕಾಲದ ಶ್ರಾವಕನೊಬ್ಬ ವ್ರತದ ಗೆರೆಯೊಳಗೆ ಕುಳಿತು ಹೊರಗಿನ ಕೆಲಸ ಸಾಧಿಸಿಕೊಳ್ಳುವ ಜಾಣತನವನ್ನು ಆಚಾರ್ಯರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು! 2020ರ ಮನೆಮನೆಯ ದಿನಚರಿ ಈ ಪಟ್ಟಿಯೇ. ಫೋನಿನಲ್ಲಿ ದನಿ, ಪರದೆಯ ಮೇಲೆ ಮುಖ, ಬಾಗಿಲಿಗೆ ಬಂದಿಳಿಯುವ ಸಾಮಾನು, ಅದನ್ನು ಹೊತ್ತು ತರುವ ಆಳು.

ದನಿಗೂ ಮುಖಕ್ಕೂ ಯಾರೂ ನೋಯುವುದಿಲ್ಲ. ಅಂಥ ಕಾಲದಲ್ಲಿ ಅವನ್ನು ದೋಷವೆನ್ನುವವರು ವ್ಯರ್ಥ ಕಠೋರರು. ತೊಡಕು ಇರುವುದು ಪ್ರೇಷ್ಯಪ್ರಯೋಗದಲ್ಲಿ. ಒಬ್ಬನ ಸಂಯಮದ ಖರ್ಚನ್ನು ಮತ್ತೊಬ್ಬನ ಖಾತೆಗೆ ಬರೆದರೆ ಜಮಾ ಯಾರದು? ಮೆಲ್ಬರ್ನಿನ ಎರಡನೆಯ ಅಲೆ ಹಬ್ಬಿದುದು ಹೊರದೇಶದಿಂದ ಬಂದವರನ್ನು ಪ್ರತ್ಯೇಕವಾಗಿರಿಸಿದ್ದ ಹೋಟೆಲುಗಳಿಂದ. ಅಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಕಾವಲುಗಾರರಿಗೆ ತಗುಲಿ, ಅವರ ಮನೆಗಳಿಗೆ ಹೋಗಿ, ಉತ್ತರ ಮತ್ತು ಪಶ್ಚಿಮದ ಬಡಾವಣೆಗಳಲ್ಲಿ ಬೆಳೆಯಿತು. ಮನೆಯಲ್ಲಿ ಕುಳಿತು ಕೆಲಸ ಮಾಡಲಾಗದವರು ಇದ್ದುದು ಆ ಬಡಾವಣೆಗಳಲ್ಲಿಯೇ. ಕಸಾಯಿಖಾನೆಯವರು, ಗೋದಾಮಿನವರು, ಎರಡು ಮೂರು ವೃದ್ಧಾಶ್ರಮಗಳಲ್ಲಿ ಗಂಟೆ ಲೆಕ್ಕಕ್ಕೆ ದುಡಿದು ದಿನ ತುಂಬಿಸುವ ಶುಶ್ರೂಷಕಿಯರು, ಸೈಕಲ್ಲಿನ ಮೇಲೆ ಊಟ ಹಂಚುವ ವಿದ್ಯಾರ್ಥಿಗಳು. ಈ ವಿದ್ಯಾರ್ಥಿಗಳಲ್ಲಿ ಭಾರತದವರು ಬಹಳ. ಅವರದು ತಾತ್ಕಾಲಿಕ ವೀಸಾ ಆದ್ದರಿಂದ ಜಾಬ್‌ಕೀಪರ್ ಎಂಬ ವೇತನ ಸಹಾಯ ಅವರಿಗೆ ಸಲ್ಲಲಿಲ್ಲ. ಮನೆಯಲ್ಲಿ ಕುಳಿತರೆ ಬಾಡಿಗೆಗೆ ಹಣವಿಲ್ಲ. ಐದು ಕಿಲೋಮೀಟರಿನ ಗೆರೆ ದುಡಿಮೆಗೆ ಅಡ್ಡಿಯಾಗಿರಲಿಲ್ಲವಾದ್ದರಿಂದ ಅವರು ಊರೆಲ್ಲ ಅಲೆದರು. ಉಳಿದವರು ಒಳಗಿರಲು ಸಾಧ್ಯವಾದುದೇ ಇವರು ಹೊರಗಿದ್ದುದರಿಂದ. ಸಾಮಾನನ್ನು ಬಾಗಿಲಲ್ಲಿಟ್ಟು, ಗಂಟೆ ಒತ್ತಿ, ಮುಖ ಕಾಣಿಸದೆ ಹೊರಟುಹೋಗುವುದು ಅಂದಿನ ಕ್ರಮ. ಕಾಣದವನ ಕಷ್ಟ ಲೆಕ್ಕಕ್ಕೆ ಬರುವುದು ಕಷ್ಟವೇ. ಬೆಳಗಾವಿಯ ಹಿರಿಯರು ಮೂರು ವಾರ ಕಿಟಕಿಯಲ್ಲಿ ಕುಳಿತು ನೋಡಿದ ಮೇಲೆ, ದಿನಕ್ಕೆ ಎರಡು ಮೂರು ಬಾರಿ ಆ ಮನೆಗೆ ಬರುವವರಲ್ಲಿ ಬಹುಪಾಲು ಹುಡುಗರು ಮೊಮ್ಮಕ್ಕಳ ವಯಸ್ಸಿನವರೆಂದು ಮನೆಯವರಿಗೆ ಹೇಳಿದರು. ಕೊತ್ತಂಬರಿ ಸೊಪ್ಪು ಮರೆತುಹೋಯಿತೆಂದು ಅದೊಂದಕ್ಕೇ ಒಬ್ಬ ಹುಡುಗನನ್ನು ಮಳೆಯಲ್ಲಿ ಓಡಿಸಿದ ದಿನವೂ ಇತ್ತು.

ಆಗಸ್ಟ್ ಮಧ್ಯದಲ್ಲಿ ಊರಿನಲ್ಲಿ ಅವರ ಅಕ್ಕನಿಗೆ ಸೋಂಕು ತಗುಲಿತು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವರನ್ನು ಎತ್ತಿ ಆಡಿಸಿ ಬೆಳೆಸಿದವರು ಆ ಅಕ್ಕನೇ. ಮಗಳಿಗೂ ಅಳಿಯನಿಗೂ ಅದೇ ದಿನ ಸುದ್ದಿ ಬಂದಿತು. ಅವರು ತಂದೆಗೆ ಹೇಳಲಿಲ್ಲ. ಹೇಳಿದರೆ ರಕ್ತದೊತ್ತಡ ಏರೀತು, ಹೇಗಾದರೂ ಮಾಡಿ ವಿಮಾನ ಹಿಡಿದು ಹೊರಟೇಬಿಟ್ಟಾರು ಎಂಬ ಭಯ. ಹೊರಡಲು ಅವರಿಗೆ ಕಾನೂನಿನ ಅಡ್ಡಿಯಿರಲಿಲ್ಲ. ಮಗಳು ಆಸ್ಟ್ರೇಲಿಯಾದ ಪ್ರಜೆಯಾದ್ದರಿಂದ ವಿಶೇಷ ಅನುಮತಿಯಿಲ್ಲದೆ ದೇಶ ಬಿಡುವಂತಿರಲಿಲ್ಲ. ಪ್ರವಾಸಿಯಾದ ತಂದೆ ಹೊರಡಬಹುದಿತ್ತು, ಹೋದರೆ ಮರಳಿ ಬರುವಂತಿರಲಿಲ್ಲ. ಒಂಬತ್ತು ದಿನ ಮನೆಯವರು ಪಿಸುದನಿಯಲ್ಲಿ ಮಾತನಾಡಿದರು. ಹತ್ತನೆಯ ದಿನ ಅಕ್ಕ ತೀರಿಕೊಂಡರು. ಆಗ ದಶಲಕ್ಷಣ ಪರ್ವ ನಡೆಯುತ್ತಿತ್ತು. ಪರ್ವ ಮುಗಿಯಲಿ ಎಂದು ಇನ್ನೂ ಎರಡು ದಿನ ತಡೆದರು.

ಮಗಳ ಪಕ್ಷದಲ್ಲಿ ಶಾಸ್ತ್ರವಿಲ್ಲದೆ ಇಲ್ಲ. ಪರರಿಗೆ ವಿಪತ್ತು ತರುವ ಸತ್ಯವನ್ನು ಆಡದಿರುವುದೂ ಸತ್ಯಾಣುವ್ರತದ ಅಂಗವೆಂದು ಸಮಂತಭದ್ರರೇ ಹೇಳಿದ್ದಾರೆ. ಅಹಿಂಸೆಯೇ ಮೂಲ, ಉಳಿದ ವ್ರತಗಳೆಲ್ಲ ಅದರ ಬೇಲಿ ಎಂಬುದು ಸರ್ವಮಾನ್ಯ. ಬೇಟೆಗಾರನಿಗೆ ಜಿಂಕೆ ಹೋದ ದಾರಿಯನ್ನು ತೋರಿಸಬಾರದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅಕ್ಕನ ಕಾಯಿಲೆಯ ಸುದ್ದಿಯನ್ನು ತಮ್ಮನಿಗೆ ತಿಳಿಸುವುದು ಆ ಜಾತಿಯ ಸತ್ಯವೇ? ದುಃಖ ಬೇರೆ, ಹಿಂಸೆ ಬೇರೆ. ಅಕ್ಕ ಸಾಯುವಾಗ ತಮ್ಮನಿಗೆ ಆಗುವ ದುಃಖ ಅವನದೇ ಸ್ವತ್ತು. ಅದನ್ನು ಅವನಿಂದ ಮರೆಸುವ ಅಧಿಕಾರ ಯಾರಿಗೂ ಇಲ್ಲ. ಪ್ರಮತ್ತಯೋಗದಿಂದ ಪ್ರಾಣಗಳಿಗೆ ಬಾಧೆಯುಂಟುಮಾಡುವುದು ಹಿಂಸೆಯೆಂದು ತತ್ತ್ವಾರ್ಥಸೂತ್ರದ ಲಕ್ಷಣ. ಮಗಳ ಮೌನದ ಮೂಲದಲ್ಲಿ ತಂದೆಯ ಹಿತಚಿಂತನೆ ಎಷ್ಟಿತ್ತೋ ತನ್ನ ಭಯವೂ ಅಷ್ಟೇ ಇತ್ತು. ಭಯವೂ ಒಂದು ನೋಕಷಾಯ. ಇಷ್ಟು ಕಟುವಾಗಿ ಬರೆಯುವುದಕ್ಕೆ ಕಾರಣವೆಂದರೆ, ಈ ಬಗೆಯ ಮೌನವನ್ನು ಸಭ್ಯ ಕುಟುಂಬಗಳು ಗುಣವೆಂದು ಎಣಿಸಿಕೊಂಡಿವೆ. ವೃದ್ಧರಿಗೆ ಅವರ ಕಾಯಿಲೆಯ ಹೆಸರನ್ನು ಹೇಳುವುದಿಲ್ಲ, ಆಸ್ತಿಯ ವಿಷಯ ಹೇಳುವುದಿಲ್ಲ, ಸಾವಿನ ಸುದ್ದಿಯನ್ನು ಸೋಸಿ ಸೋಸಿ ಹೇಳುತ್ತಾರೆ. ಬದುಕಿನುದ್ದಕ್ಕೂ ಅನಿತ್ಯಾನುಪ್ರೇಕ್ಷೆಯನ್ನು ಚಿಂತಿಸಿದ ಮನುಷ್ಯನಿಗೆ ಅನಿತ್ಯದ ವರ್ತಮಾನವನ್ನು ತಡೆಹಿಡಿಯುವುದು ಎಂಥ ರಕ್ಷಣೆ?

ತಡೆಹಿಡಿದುದರಿಂದ ಆದ ನಷ್ಟವೂ ಅಳೆಯಬಹುದಾದದ್ದೇ. ಆ ಹತ್ತು ದಿನಗಳಲ್ಲಿ ಕೊನೆಯ ಮೂರು ದಿನಗಳನ್ನು ಬಿಟ್ಟರೆ ಅಕ್ಕನಿಗೆ ಪ್ರಜ್ಞೆಯಿತ್ತು. ಆಸ್ಪತ್ರೆಯಲ್ಲಿ ಆಕೆಯ ದಿಂಬಿನ ಬಳಿ ಫೋನಿತ್ತು. ಸಮುದ್ರದಾಚೆಯಿಂದ ತಮ್ಮನ ದನಿ ಆಕೆಯ ಕಿವಿಗೆ ಬೀಳಬಹುದಿತ್ತು. ಅವರಿಬ್ಬರೂ ಚಿಕ್ಕಂದಿನಲ್ಲಿ ಒಟ್ಟಿಗೆ ಕಲಿತ ಪಂಚನಮಸ್ಕಾರವನ್ನು ಅವರು ಹೇಳಬಹುದಿತ್ತು. ಶಬ್ದಾನುಪಾತವೆಂಬ ಒಂದು ಅತಿಚಾರ ಆ ವರ್ಷ ಪುಣ್ಯಕಾರ್ಯವಾಗಬಹುದಾಗಿದ್ದ ಸಂದರ್ಭ ಅದು. ಗೆರೆಯೊಳಗೆ ಇರಿಸಿದವರು ದನಿಯನ್ನೂ ಗೆರೆಯೊಳಗೇ ಇರಿಸಿದರು.

ಮನೆಗಳು ಮಾಡಿದುದನ್ನೇ ರಾಜ್ಯಗಳೂ ದೊಡ್ಡ ಅಕ್ಷರದಲ್ಲಿ ಮಾಡಿದುವು. ಗಡಿ ಮುಚ್ಚಿದ ಆಸ್ಟ್ರೇಲಿಯಾ ತನ್ನ ಪ್ರಜೆಗಳ ಹತ್ತಿರದ ಕುಟುಂಬದವರಿಗೆ ಒಳಬರಲು ವಿನಾಯಿತಿ ಕೊಟ್ಟಿತ್ತು. ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ಕಾನೂನುಬದ್ಧ ಪೋಷಕರು ಆ ಪಟ್ಟಿಯಲ್ಲಿದ್ದರು. ಬೆಳೆದ ಮಕ್ಕಳ ತಂದೆತಾಯಿಗಳು ಇರಲಿಲ್ಲ. ವಲಸೆ ಬಂದವರು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅರ್ಜಿ ಹಾಕುತ್ತಲೇ ಇದ್ದರು. 2021ರ ಅಕ್ಟೋಬರಿನಲ್ಲಿ ಸರ್ಕಾರ ಮನಸ್ಸು ಬದಲಿಸಿ, ನವೆಂಬರ್ 1ರಿಂದ ತಂದೆತಾಯಿಗಳೂ ಹತ್ತಿರದ ಕುಟುಂಬವೇ ಎಂದು ಒಪ್ಪಿಕೊಂಡಿತು. ಅಷ್ಟರೊಳಗೆ ಬಾಣಂತನಗಳು ಕಳೆದಿದ್ದುವು. ಎಷ್ಟೋ ತಂದೆತಾಯಿಗಳೂ ಇರಲಿಲ್ಲ.

ಈ ನಾಣ್ಯದ ಮತ್ತೊಂದು ಮುಖ ಬೆಂಗಳೂರಿನಲ್ಲಿಯೇ ಕಾಣಿಸಿತು. 2021ರ ಮೇ ತಿಂಗಳಲ್ಲಿ ಭಾರತದಲ್ಲಿ ಎರಡನೆಯ ಅಲೆ ಉಕ್ಕಿದಾಗ ಆಸ್ಟ್ರೇಲಿಯಾ ಸರ್ಕಾರ, ಕಳೆದ 14 ದಿನಗಳಲ್ಲಿ ಭಾರತದಲ್ಲಿದ್ದವರು, ತನ್ನ ಪ್ರಜೆಗಳೇ ಆದರೂ, 3ರಿಂದ 15ನೆಯ ತಾರೀಖಿನವರೆಗೆ ದೇಶದೊಳಗೆ ಕಾಲಿಡಬಾರದೆಂದು ಆಜ್ಞೆ ಮಾಡಿತು. ಮೀರಿದವರಿಗೆ ಐದು ವರ್ಷದವರೆಗೆ ಸೆರೆ, 66,600 ಡಾಲರುಗಳವರೆಗೆ ದಂಡ. ಹಿಂದಿನ ವರ್ಷದ ಮಾರ್ಚಿನಿಂದ ಬೆಂಗಳೂರಿನಲ್ಲಿ ಸಿಲುಕಿದ್ದ, ಎಪ್ಪತ್ತು ದಾಟಿದ ಆಸ್ಟ್ರೇಲಿಯಾದ ಪ್ರಜೆಯೊಬ್ಬರು ಸಿಡ್ನಿಯ ಫೆಡರಲ್ ನ್ಯಾಯಾಲಯದಲ್ಲಿ ಇದನ್ನು ಪ್ರಶ್ನಿಸಿದರು. ಪ್ರಜೆಗೆ ತನ್ನ ನಾಡಿಗೆ ಮರಳುವ ಹಕ್ಕಿದೆ, ರಕ್ಷಣೆಯ ಕ್ರಮ ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗಿರಬಾರದು ಎಂಬುದು ಅವರ ವಾದದ ಸಾರ. ಮೇ 10ರಂದು ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಐದು ದಿನಗಳ ಮೇಲೆ ಆಜ್ಞೆ ತಾನಾಗಿ ಮುಗಿಯಿತು. ಮೆಲ್ಬರ್ನಿನಲ್ಲಿ ಕನ್ನಡದ ಒಬ್ಬ ವೃದ್ಧ, ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದ ಒಬ್ಬ ವೃದ್ಧ. ಇಬ್ಬರೂ ಇನ್ನೊಬ್ಬರ ಊರಿನಲ್ಲಿ. ಅವರಲ್ಲೊಬ್ಬರು ನ್ಯಾಯಾಲಯದ ಬಾಗಿಲನ್ನಾದರೂ ತಟ್ಟಿದರು. ಮಗಳ ಮನೆಯ ಬಾಗಿಲೊಳಗಿದ್ದವರು ತಟ್ಟುವುದಾದರೂ ಎಲ್ಲಿ?

2020ರ ಮೆಲ್ಬರ್ನಿಗೆ ಮರಳಿದರೆ, ಅಲ್ಲಿ ಕ್ಷಮಾವಣಿಯ ದಿನ ಬಂದಿತ್ತು. ಮಗಳು ಪ್ರತಿವರ್ಷದಂತೆ ಕೈಮುಗಿದು ಕ್ಷಮೆ ಕೇಳಿದಳು. ಆದರೆ ಆ ವರ್ಷ ಬಾಯಿಂದ ಮಾತು ಪೂರ್ತಿ ಹೊರಡಲಿಲ್ಲ. ತಂದೆ ಕ್ಷಮಿಸಿದರು. ಅವರೂ ಕ್ಷಮೆ ಕೇಳಿದರು. ಅವಳ ಭಯವನ್ನು ಇಷ್ಟು ತಿಂಗಳು ಹಟವೆಂದೇ ತಿಳಿದಿದ್ದುದಕ್ಕಾಗಿ. ಅನಂತರ ಗೋಡೆಯ ಮೇಲಿದ್ದ ಜಿನಬಿಂಬದ ಚಿತ್ರದ ಮುಂದೆ ಕುಳಿತು, ಆ ದಿನದಿಂದ ದೀಪಾವಳಿಯವರೆಗೆ ಒಂದು ದೇಶವ್ರತವನ್ನು ಹಿಡಿದರು. ಎಲ್ಲೆ, ಬೀದಿಯ ತುದಿಯ ಕೆಂಪು ಅಂಚೆಪೆಟ್ಟಿಗೆ. ಮನೆಯಿಂದ ಸುಮಾರು ನಾನೂರು ಹೆಜ್ಜೆ. ಸರ್ಕಾರ ಕೊಟ್ಟುದಕ್ಕಿಂತ ಎಷ್ಟೋ ಕಡಿಮೆ, ಮಗಳು ಕೊಟ್ಟುದಕ್ಕಿಂತ ನಾನೂರು ಹೆಜ್ಜೆ ಹೆಚ್ಚು. ಸಾಮಾನು ತರಿಸುವುದು ವಾರಕ್ಕೊಮ್ಮೆ, ಬುಧವಾರ ಬೆಳಿಗ್ಗೆ. ನಡುವೆ ಏನು ತೀರಿದರೂ ಇದ್ದುದರಲ್ಲಿ ಅಡಿಗೆ. ತರುವ ಹುಡುಗನನ್ನು ಒಂದೂವರೆ ಮೀಟರಿನಾಚೆ ನಿಂತಾದರೂ ತಾವೇ ಎದುರುಗೊಂಡು ಹೆಸರು ಕೇಳುವುದು. ಊರಿನ ಸುದ್ದಿ ಏನೇ ಇರಲಿ, ಬಂದ ದಿನವೇ ಅವರಿಗೆ ತಲುಪತಕ್ಕದ್ದು.

ಕಡೆಯದು ವ್ರತವಲ್ಲ, ವ್ಯಾಪಾರದ ಕರಾರು ಎಂದು ಹೆಂಡತಿ ಆಕ್ಷೇಪಿಸಿದರು. ಐವತ್ತು ವರ್ಷ ಮಾಡಿದ್ದು ಅದನ್ನೇ ಅಲ್ಲವೇ ಎಂದು ಅವರ ಉತ್ತರ.

ಮಾರನೆಯ ದಿನದಿಂದ ಮಗಳು ಬಾಗಿಲು ಕಾಯುವುದನ್ನು ಬಿಟ್ಟಳು. ಬುಧವಾರಗಳಂದು ಬರುತ್ತಿದ್ದವನು ಪಂಜಾಬಿನಿಂದ ಓದಲು ಬಂದ ಹುಡುಗ; ಅರೆಬರೆ ಹಿಂದಿಯಲ್ಲಿ ಇಬ್ಬರೂ ಊರಿನ ಮಳೆಬೆಳೆಯ ಮಾತನಾಡುತ್ತಿದ್ದರು. ಸೆಪ್ಟೆಂಬರಿನಲ್ಲಿ ಬೆಳಗಾವಿಯಿಂದ ಇನ್ನೂ ಎರಡು ಸಾವಿನ ಸುದ್ದಿಗಳು ಬಂದುವು. ಎರಡೂ ಬಂದ ಗಳಿಗೆಗೇ ಅವರಿಗೆ ತಲುಪಿದುವು. ಒಂದು ರಾತ್ರಿ ಅವರು ನಿದ್ದೆ ಮಾಡಲಿಲ್ಲ. ರಕ್ತದೊತ್ತಡವೂ ಸ್ವಲ್ಪ ಏರಿತು. ವೈದ್ಯರು ಫೋನಿನಲ್ಲಿಯೇ ಮಾತ್ರೆ ಬದಲಿಸಿದರು.

ಅಕ್ಟೋಬರ್ 28ರಂದು ಮೆಲ್ಬರ್ನಿನ ಬಾಗಿಲುಗಳು ತೆರೆದುವು. ಮನೆಯಿಂದ 25 ಕಿಲೋಮೀಟರಿನವರೆಗೆ ಯಾರು ಬೇಕಾದರೂ ಕಾರಣ ಕೊಡದೆ ಹೋಗಬಹುದಾಗಿತ್ತು. ಆ ವಾರ ಮಗಳು, ಅಳಿಯ, ಒಂಬತ್ತು ತಿಂಗಳ ಕೂಸು, ಅಜ್ಜಿ ಎಲ್ಲರೂ ಸೇಂಟ್ ಕಿಲ್ಡಾದ ಕಡಲದಂಡೆಗೆ ಹೊರಟು ಕಾರಿನಲ್ಲಿ ಕುಳಿತರು. ಮಗಳು ತಂದೆಯನ್ನು ಕರೆದಳು. ಅವರು ಕಾರಿನವರೆಗೆ ಬಂದು, ಕೂಸಿನ ಟೋಪಿ ಸರಿಮಾಡಿ, "ದೀಪಾವಳಿಗೆ ಇನ್ನೂ ದಿನ ಬಾಕಿ ಐತಿ, ನೀವು ಹೋಗಿ ಬರ್ರಿ" ಎಂದು ಹೇಳಿ, ಅಂಚೆಪೆಟ್ಟಿಗೆಯ ಕಡೆಗೆ ನಡೆದರು.